ಹಬ್ಬ ಇಲ್ಲದ ಮನೆ

"ಎಲ್ಲಾರ್ದೂ ಆಯ್ತಲ್ಲ ಮೇಡಂ. ಈಗ ನಿಮ್ಮನೇದು ಹೇಳಿ," ಅಂದಳು ಶಮೀಮ್ ಬಾನು.

ಏಳನೇ ಕ್ಲಾಸಿನ ಮಕ್ಕಳೆಲ್ಲ ಅವಳ ದನಿಗೆ ದನಿ ಸೇರಿಸಿದರು. "ಹೂಂ ಮೇಡಂ, ಹೇಳಿ ಮೇಡಂ" ಎಂಬ ಕೂಗು ಹೆಂಚಿನ ಸೂರಿಗೆ ಬಡಿದು ಪಕ್ಕದ ಆರನೇ ಕ್ಲಾಸಿಗೂ ಕೇಳಿಸಿರಬೇಕು. ಟೀಚರ್ ಶ್ರೀಮತಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಸದ್ದು ಮಾಡಬೇಡಿ ಎಂದು ಕೈ ತೋರಿಸಿದಳು. ಅವಳಿಗೆ ನಗು ಬಂದಿತ್ತು. ಹೋದ ವಾರ ಇದೇ ಮಕ್ಕಳು ಎದ್ದು ನಿಂತು ತಂತಮ್ಮ ಹೆಸರು ಹೇಳುವುದಕ್ಕೂ ಗೋಡೆಯ ಮುಖ ನೋಡುತ್ತಿದ್ದರು.

ಆ ವರ್ಷದ ನವೆಂಬರ್ ಒಂದಕ್ಕೆ ಮೈಸೂರು ರಾಜ್ಯ ಎಂಬ ಹೆಸರು ಹೋಗಿ ಕರ್ನಾಟಕ ಎಂದಾಗುವುದಿತ್ತು. ಶಾಲೆಗಳಲ್ಲಿ ಸಮಾರಂಭ ನಡೆಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಾಗ, ಮಳವಳ್ಳಿಯ ಆ ಮಾಧ್ಯಮಿಕ ಶಾಲೆಯ ಹೆಡ್ಮಾಸ್ತರು ಕೆಂಪಸಿದ್ದಯ್ಯ ಅದನ್ನು ಶ್ರೀಮತಿಯ ಕೈಗೆ ಕೊಟ್ಟು, "ಏನೋ ಒಂದು ಮಾಡ್ಸೀಮ್ಮ, ಹಾಡೋ ಕುಣಿತವೋ. ಗಲಾಟೆ ಇಲ್ದೆ ಮುಗಿದ್ರೆ ಸಾಕು," ಎಂದಿದ್ದರು. ಹಾಡು ಕುಣಿತ ಎಲ್ಲ ಶಾಲೆಯವರೂ ಮಾಡಿಸುತ್ತಾರೆ. ಶ್ರೀಮತಿಗೆ ಬೇರೆ ಯೋಚನೆ ಬಂತು. ಒಂದೇ ಹೆಸರಿನ ಕೆಳಗೆ ಇಷ್ಟು ಜನ ಬಾಳುತ್ತೇವೆ, ಒಬ್ಬರ ಮನೆಯೊಳಗೆ ಏನು ನಡೆಯುತ್ತದೆಂದು ಪಕ್ಕದವರಿಗೆ ಗೊತ್ತಿಲ್ಲ. ಪ್ರತಿ ಮಗುವೂ ತನ್ನ ಮನೆಯ ಮಾತು, ಅಡಿಗೆ, ಹಬ್ಬ ಇವನ್ನು ಕ್ಲಾಸಿನಲ್ಲಿ ಹೇಳಲಿ, ಚೆನ್ನಾಗಿ ಹೇಳಿದವರನ್ನು ಅವತ್ತು ವೇದಿಕೆ ಹತ್ತಿಸೋಣ ಎಂದುಕೊಂಡಳು. "ನಾಚಿಕೆ ಬೇಡ. ಮನೇಲಿ ಹೇಗಿದೆಯೋ ಹಾಗೇ ಹೇಳಿ. ಮುಚ್ಚಿಡೋ ಅಂಥದ್ದು ಯಾರ ಮನೇಲೂ ಇಲ್ಲ," ಎಂದು ದಿನವೂ ಹೇಳಿದಳು.

ಮಕ್ಕಳು ಮೆಲ್ಲಗೆ ಬಾಯಿಬಿಟ್ಟವು. ಮಾರಿಹಬ್ಬದಲ್ಲಿ ನೆಂಟರು ಎಣಿಸಿದ್ದಕ್ಕಿಂತ ಹೆಚ್ಚು ಬಂದು, ಅವ್ವ ಕೋಳಿ ಸಾರಿಗೆ ಚೊಂಬುಗಟ್ಟಲೆ ನೀರು ಸುರಿದದ್ದನ್ನು ದೇವಿರಮ್ಮ ಹೇಳಿದಳು. ಎರಡು ವರ್ಷ ಫೇಲಾಗಿ ಹಿಂದಿನ ಬೆಂಚಿಗೆ ಅಂಟಿಕೊಂಡಿದ್ದ, ಕೆರೆ ಏರಿಯ ಕೆಳಗಿನ ಬೀದಿಯ ಸಿದ್ದರಾಮು, ಸಂಕ್ರಾಂತಿಯ ದಿನ ಎತ್ತುಗಳನ್ನು ಕಿಚ್ಚು ಹಾಯಿಸುವಾಗ ತಮ್ಮ ಕೆಂದೆತ್ತು ಹೆದರಿ ನಿಂತುಬಿಟ್ಟದ್ದನ್ನೂ, ಅಪ್ಪ ಅದರ ಕಿವಿಯಲ್ಲಿ ಏನೋ ಹೇಳಿದ ಮೇಲೆ ಅದು ಹಾರಿದ್ದನ್ನೂ ಹೇಳಿದ. ಆ ಹುಡುಗ ಕ್ಲಾಸಿನಲ್ಲಿ ಒಟ್ಟಿಗೆ ನಾಲ್ಕು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಶ್ರೀಮತಿ ಚಪ್ಪಾಳೆ ತಟ್ಟಿದಳು. ಅವತ್ತಿನಿಂದ ಸಂಜೆ ಅವಳ ಚೀಲ ಹೊತ್ತು ಮನೆಯವರೆಗೆ ಬರುವುದು ಅವನ ಕೆಲಸವಾಯಿತು. ಬೇಡವೆಂದರೂ ಕೇಳುತ್ತಿರಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಹೇಳಿದವಳು ಶಮೀಮ್. ಅವಳಪ್ಪ ಬಾಬು ಜಾನ್ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತಿದ್ದ. ಆಗ ರಂಜಾನ್ ತಿಂಗಳು. ಬೆಳಗಿನ ಜಾವ ಒಬ್ಬ ತಾತ ಕೋಲಿನಿಂದ ಕಂಬಗಳನ್ನು ಬಡಿಯುತ್ತ ಬೀದಿಯವರನ್ನು ಎಬ್ಬಿಸುವುದು, ನಿದ್ದೆಗಣ್ಣಿನಲ್ಲಿ ಒಲೆಯ ಮುಂದೆ ಕೂತು ಊಟ ಮಾಡುವುದು, ತಾನೂ ಉಪವಾಸವೆಂದು ಜಂಬ ಕೊಚ್ಚುವ ತಮ್ಮ ಹಿತ್ತಲಿನಲ್ಲಿ ಕದ್ದು ನೀರು ಕುಡಿಯುವುದು, ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇರುವುದು. "ಮನೇಲಿ ಉರ್ದು ಮಾತಾಡ್ತೀವಿ, ಇಲ್ಲಿ ಕನ್ನಡ. ಕನಸಲ್ಲಿ ಎರಡೂ ಬರ್ತವೆ," ಎಂದು ಅವಳು ಮುಗಿಸಿದಾಗ ಕ್ಲಾಸು ನಕ್ಕಿತ್ತು.

"ನಮ್ಮನೇಲೂ ಹಾಗೇ ಕಣೇ. ನಾನೂ ನಮ್ಮಮ್ಮನೂ ತಮಿಳಲ್ಲೇ ಜಗಳ ಆಡೋದು," ಎಂದಿದ್ದಳು ಶ್ರೀಮತಿ. ಆ ಮಾತು ಕೇಳಿ ಶಮೀಮಳ ಮುಖ ಅರಳಿದ್ದು ಅವಳಿಗೆ ನೆನಪಿತ್ತು. ಈಗ ಆ ಸಲಿಗೆಯಿಂದಲೇ ಹುಡುಗಿ ಕೇಳುತ್ತಿದ್ದಳು. "ದೀಪಾವಳಿ ಬಂತಲ್ಲ ಮೇಡಂ, ನಿಮ್ಮನೇಲಿ ಏನ್ ಮಾಡ್ತೀರಾ?"

ಶ್ರೀಮತಿ ಎಣ್ಣೆನೀರು, ಕಜ್ಜಾಯ, ಹೊಸ ಸೀರೆ ಎಂದು ಏನಾದರೂ ಹೇಳಿ ಮುಗಿಸಬಹುದಿತ್ತು. ಹಿಂದೆ ಹಲಗೂರಿನ ಶಾಲೆಯಲ್ಲಿದ್ದಾಗ ಜೊತೆಯ ಟೀಚರುಗಳು ಕೇಳಿದರೆ, ಮನೆಯಲ್ಲಿ ಸೂತಕ ಎಂದು ಹೇಳಿ ನುಣುಚಿಕೊಳ್ಳುತ್ತಿದ್ದಳು. ಆದರೆ ವಾರವಿಡೀ ಮುಚ್ಚಿಡಬೇಡಿ ಎಂದವಳು ಈಗ ತಾನೇ ಮುಚ್ಚಿಡುವುದು ಹೇಗೆ?

"ನಮ್ಮನೇಲಿ ದೀಪಾವಳಿ ಇಲ್ಲ," ಎಂದಳು.

"ಯಾರಾರ ಸತ್ತೋಗವ್ರಾ ಮೇಡಮ್ಮೋರೆ?" ಸಿದ್ದರಾಮು ಹಿಂದಿನಿಂದ ಕೇಳಿದ.

"ಸತ್ತಿದಾರೆ. ಈಗಲ್ಲ, ತುಂಬಾ ಹಿಂದೆ."

ಅವಳು ಮೇಲುಕೋಟೆಯ ಕಡೆಯ ಅಯ್ಯಂಗಾರರ ಮನೆಯವಳು. ಅವಳ ತಾಯಿ ಗೋದಮ್ಮನಿಗೆ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ನರಕ ಚತುರ್ದಶಿಯ ದಿನ, ಹಬ್ಬಕ್ಕೆಂದು ಸೇರಿದ್ದ ತಮ್ಮವರನ್ನು ಪಟ್ಟಣದ ಸುಲ್ತಾನರ ಕಡೆಯವರು ಸುತ್ತುಗಟ್ಟಿದರು. ಗಂಡಸರು, ಹೆಂಗಸರು, ಮಕ್ಕಳು ಎಂದು ನೋಡಲಿಲ್ಲ. ಹಂಡೆಯಲ್ಲಿ ಕಾಯಿಸಿದ ನೀರು ಹಾಗೇ ಆರಿಹೋಯಿತು. ಅಂದಿನಿಂದ ಆ ಮನೆತನಗಳಲ್ಲಿ ಆ ದಿನ ಹಬ್ಬವಿಲ್ಲ. ಇಷ್ಟನ್ನು ಶ್ರೀಮತಿ ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳತೊಡಗಿದ ಮೇಲೆ ಮಾತು ತಾನಾಗಿ ಬಂತು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು. ಸಿದ್ದರಾಮು ಬೆಂಚಿನಿಂದ ಅರ್ಧ ಎದ್ದು ನಿಂತಿದ್ದ. ತನ್ನ ಮನೆಯ ದುಃಖವನ್ನು ಇಷ್ಟು ಜನ ಉಸಿರು ಬಿಗಿಹಿಡಿದು ಕೇಳಿದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ಒಳಗೊಳಗೇ ಹಿತವಾಗುತ್ತಿತ್ತು.

ನಡುವೆ ಒಮ್ಮೆ ಅವಳ ಕಣ್ಣು ಮುಂದಿನ ಬೆಂಚಿನ ಶಮೀಮಳ ಮೇಲೆ ಬಿತ್ತು. ಹುಡುಗಿ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಮೇಜಿನ ಕಾಲನ್ನು ನೋಡುತ್ತಿದ್ದಳು. ಇಲ್ಲಿಗೆ ನಿಲ್ಲಿಸಬೇಕು ಎಂದು ಶ್ರೀಮತಿಗೆ ಅನ್ನಿಸಿತು. ಆದರೆ ಕಥೆ ಆಗಲೇ ಬಿಸಿನೀರಿನ ಹಂಡೆಯ ಹತ್ತಿರ ಬಂದಿತ್ತು. ಅವಳು ನಿಲ್ಲಿಸಲಿಲ್ಲ.

ಮಾರನೆಯ ದಿನ ಕ್ಲಾಸಿಗೆ ಹೋದಾಗ ದೇವಿರಮ್ಮ ಮುಂದಿನ ಬೆಂಚು ಬಿಟ್ಟು ಹಿಂದೆ ಹೋಗಿ ಕೂತಿದ್ದಳು. ಮೂವರು ಕೂರುವ ಬೆಂಚಿನಲ್ಲಿ ಶಮೀಮ್ ಒಬ್ಬಳೇ ಇದ್ದಳು. ಹಾಜರಿ ಕೂಗುವಾಗ ಅವಳ ಹೆಸರಿಗೆ ಹಿಂದಿನಿಂದ ಯಾರೋ "ಸುಲ್ತಾನಿ" ಎಂದರು. ನಾಲ್ಕಾರು ಮಂದಿ ಕಿಸಕ್ಕನೆ ನಕ್ಕರು. ಶ್ರೀಮತಿ ತಲೆಯೆತ್ತಿ ನೋಡುವಷ್ಟರಲ್ಲಿ ಎಲ್ಲ ಮುಖಗಳೂ ಪುಸ್ತಕದಲ್ಲಿದ್ದವು. ಅವಳು "ಸದ್ದು" ಎಂದಷ್ಟೇ ಗದರಿ ಪಾಠಕ್ಕೆ ಹೋದಳು.

ಮಧ್ಯಾಹ್ನ ಬೆಲ್ಲು ಹೊಡೆದ ಮೇಲೆ ಶಮೀಮ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮೇಡಂ, ಫಂಕ್ಷನ್ನಲ್ಲಿ ನಾನು ಹೇಳಲ್ಲ."

"ಯಾಕೆ? ಅಷ್ಟು ಚೆನ್ನಾಗಿ ಹೇಳಿದ್ದೆಯಲ್ಲ."

ಹುಡುಗಿ ದಾವಣಿಯ ತುದಿಯನ್ನು ಬೆರಳಿಗೆ ಸುತ್ತಿದಳು. "ಅಪ್ಪನ ಅಂಗಡೀಲಿ ಒಂದು ಪಟ ಇದೆ ಮೇಡಂ. ಸುಲ್ತಾನರು ಹುಲಿ ಜೊತೆ ಹೋರಾಡೋದು. ನೀವು ಹೇಳಿದ್ದು ಅವರೇನಾ?"

"ಅದೆಲ್ಲ ಹಳೇ ಕಾಲದ್ದು ಶಮೀಮ್. ಯಾವ ಕಾಲಕ್ಕೋ ಆಗಿಹೋದದ್ದು. ನಿನಗೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಹಾಗಂತ ಅವರಿಗೆ ಹೇಳಿ ಮೇಡಂ," ಎಂದಳು ಶಮೀಮ್.

"ಹೇಳ್ತೀನಿ," ಎಂದಳು ಶ್ರೀಮತಿ. ಹೇಳಬೇಕೆಂದೇ ಅವಳ ಮನಸ್ಸಿನಲ್ಲಿತ್ತು. ಆದರೆ ಹೇಗೆ ಹೇಳುವುದು? ನಾನು ಹೇಳಿದ್ದು ಸುಳ್ಳು ಎನ್ನುವಂತಿಲ್ಲ. ನಿಜ, ಆದರೆ ಅದನ್ನು ಇವಳ ಮೇಲೆ ಹಾಕಬೇಡಿ ಎಂದರೆ, ಹಾಕಬಹುದೆಂಬ ಯೋಚನೆ ಇನ್ನೂ ಬಾರದವರಿಗೂ ಬಂದುಬಿಡುತ್ತದೆ. ಹೆಡ್ಮಾಸ್ತರನ್ನು ಕೇಳಿದಳು. ಕೆಂಪಸಿದ್ದಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

"ಅದನ್ನ ಯಾಕೆ ಹೇಳೋಕೆ ಹೋದ್ರಿ? ಈಗ ಕೆದಕಬೇಡಿ. ಹಬ್ಬ ಕಳೀಲಿ. ಪಟಾಕಿ ಹೊಡ್ಕೊಂಡು ಬರೋಷ್ಟ್ರಲ್ಲಿ ಹುಡುಗ್ರು ಎಲ್ಲಾ ಮರ್ತಿರ್ತವೆ."

ಅದು ಸುಲಭದ ದಾರಿಯಾಗಿತ್ತು. ಶ್ರೀಮತಿ ಅದನ್ನೇ ಹಿಡಿದಳು. ಹಬ್ಬದ ಹಿಂದಿನ ದಿನ ಶಮೀಮ್ ಶಾಲೆಗೆ ಬರಲಿಲ್ಲ. ರಂಜಾನ್ ಮುಗಿಯುತ್ತ ಬಂದಿದೆ, ಮನೆಯಲ್ಲಿ ಕೆಲಸವಿರುತ್ತದೆ ಎಂದು ಶ್ರೀಮತಿ ತನಗೆ ತಾನೇ ಹೇಳಿಕೊಂಡಳು.

ನರಕ ಚತುರ್ದಶಿಯ ಸಂಜೆ ತಾಯಿ ಮಗಳು ಇಬ್ಬರೂ ನಡುಮನೆಯಲ್ಲಿ ಕೂತಿದ್ದರು. ದೇವರ ಮುಂದಿನ ಒಂದು ದೀಪ ಬಿಟ್ಟರೆ ಬೇರೆ ದೀಪ ಹಚ್ಚಿರಲಿಲ್ಲ. ಬೀದಿಯ ಎರಡು ಬದಿಯಲ್ಲೂ ಹಣತೆ ಉರಿಯುತ್ತಿದ್ದವು, ಇವರ ಜಗಲಿಯೊಂದೇ ಕತ್ತಲಾಗಿತ್ತು. ಶ್ರೀಮತಿಗೆ ಮೂವತ್ತು ದಾಟಿತ್ತು. ಅಪ್ಪ ತೀರಿಕೊಂಡ ಮೇಲೆ ಸಂಬಳದ ಕೆಲಸ ಸಿಕ್ಕಿ, ಮದುವೆಯ ಮಾತು ಹಿಂದೆ ಬಿದ್ದು, ಊರಿಂದೂರಿಗೆ ವರ್ಗವಾಗುತ್ತ ತಾಯಿಯೊಡನೆ ಈ ಬಾಡಿಗೆ ಮನೆಗೆ ಬಂದು ನಿಂತಿದ್ದಳು. ಗೋದಮ್ಮ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ತಮಗೆ ಬರುವ ಸ್ತೋತ್ರವನ್ನು ಬಾಯೊಳಗೆ ಹೇಳಿಕೊಳ್ಳುತ್ತಿದ್ದರು. ಹೊರಗೆ ಪಟಾಕಿಯ ಸದ್ದಾದಾಗಲೆಲ್ಲ ತುಟಿ ನಿಂತು ಮತ್ತೆ ಶುರುವಾಗುತ್ತಿತ್ತು.

"ಮೇಡಮ್ಮೋರೆ," ಎಂದು ಜಗಲಿಯ ಹತ್ತಿರ ದನಿ ಕೇಳಿಸಿತು. ಸಿದ್ದರಾಮು ನಿಂತಿದ್ದ. ಜೊತೆಗೆ ಕ್ಲಾಸಿನ ಇನ್ನಿಬ್ಬರು ಹುಡುಗರಿದ್ದರು. ಓಡಿ ಬಂದು ಏದುಸಿರು ಬಿಡುತ್ತಿದ್ದರು. ಕೈಗೆಲ್ಲ ಮದ್ದಿನ ಕಪ್ಪು.

"ಏನೋ ಇದು, ಇಷ್ಟು ಹೊತ್ತಿನಲ್ಲಿ?"

"ಬಾಬು ಸಾಬ್ರ ಅಂಗ್ಡಿ ಮುಂದೆ ಹೊಡುದ್ಬುಟ್ಟು ಬಂದೊ ಮೇಡಮ್ಮೋರೆ," ಎಂದ ಸಿದ್ದರಾಮು. ಅವನ ಮುಖದಲ್ಲಿ ಕಿಚ್ಚು ಹಾಯಿಸಿದ ಕಥೆ ಹೇಳಿದ ದಿನದ ಕಳೆಯೇ ಇತ್ತು. "ಅವ್ರು ಒಂದೊತ್ತು ಬುಟ್ಟು ಗಂಜಿ ಕುಡಿಯೋ ಟೈಮ್ ನೋಡ್ಕೊಂಡು, ದೊಡ್ಡ ಪಟಾಕಿ ಮ್ಯಾಲೆ ಖಾಲಿ ಡಬ್ಬ ಕವುಚಾಕಿ ಹಚ್ಚುಬುಟ್ಟೊ. ಡಬ್ಬ ಆರಿ ಮೇಲಕ್ಕೋಯ್ತು."

"ಯಾಕೋ? ಯಾಕೆ ಹಾಗೆ ಮಾಡಿದಿರಿ?"

ಹುಡುಗನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಮ್ಗೆ ಅಬ್ಬ ಇಲ್ದಂಗ್ ಮಾಡುದ್ರಲ್ಲ ಅವ್ರು. ಅದ್ಕೆ ಅವ್ರಿಗೂ ಇಲ್ದಂಗ್ ಮಾಡ್ದೊ."

ಪಕ್ಕದಲ್ಲಿದ್ದ ಚಿಕ್ಕ ಹುಡುಗ ಅವನ ಅಂಗಿ ಜಗ್ಗಿದ. "ಆ ಉಡ್ಗಿ ಕಿರುಚ್ಕೊತು ಕಣ್ಲಾ. ಅದ್ನ ಯೋಳು."

"ಯಾವ ಹುಡುಗಿ?"

ಸಿದ್ದರಾಮು ಆ ಕಡೆ ಈ ಕಡೆ ನೋಡಿದ. "ಶಮೀಮು. ಅವ್ರಪ್ಪಂಗೆ ಗಂಜಿ ತಂದಿದ್ಲು. ನಾವ್ ನೋಡ್ನಿಲ್ಲ ಮೇಡಮ್ಮೋರೆ, ಹಚ್ಚುದ್ಮೇಲೆ ಬಂದ್ಲು."

ಶ್ರೀಮತಿ ಚಪ್ಪಲಿ ಮೆಟ್ಟದೆ ಓಡಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಜನ ಗುಂಪುಗಟ್ಟಿ ನಿಂತಿದ್ದರು. ಅಂಗಡಿಯ ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಅರ್ಧ ತಂತಿ ಸುತ್ತಿದ ಮೋಟಾರು ಹಲಗೆಯ ಮೇಲೆ ಹಾಗೇ ಇತ್ತು. ಮೆಟ್ಟಿಲ ಕೆಳಗೆ ಟಿಫಿನ್ ಕ್ಯಾರಿಯರು ಉರುಳಿಕೊಂಡು, ಗಂಜಿ ಚೆಲ್ಲಿ, ಅದರ ಮೇಲೆ ಪಟಾಕಿಯ ಕೆಂಪು ಕಾಗದದ ಚೂರುಗಳು ಅಂಟಿಕೊಂಡಿದ್ದವು. ಬಾಬು ಜಾನ್ ಮಗಳನ್ನು ಎತ್ತಿಕೊಂಡು ಯಾರದೋ ಅಕ್ಕಿ ಲಾರಿಯಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದನೆಂದು ಎದುರಿನ ಹೋಟೆಲಿನವನು ಹೇಳಿದ. "ಡಬ್ಬದ ಚೂರು ಕಣ್ಣಿಗೇ ಹೊಡೀತಂತೆ. ಏನ್ ಮಾಡೋದು, ಹಬ್ಬದ ದಿವ್ಸ ಹುಡುಗ್ರು ಆಡ್ತವೆ," ಎಂದು ಸೇರಿಸಿದ.

ಅವಳು ಹಿಂತಿರುಗಿದಾಗ ಹುಡುಗರು ಹೋಗಿದ್ದರು. ಗೋದಮ್ಮ ಹೊಸಲಿನ ಹತ್ತಿರ ನಿಂತಿದ್ದರು. ಹುಡುಗರ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ಅದನ್ನ ಹೊರಗೆ ಯಾಕೆ ತಗೊಂಡು ಹೋದೆ?" ಎಂದರು ತಮಿಳಿನಲ್ಲಿ. "ನಮ್ಮಜ್ಜಿ ಬಾಗಿಲು ಹಾಕ್ಕೊಂಡು ಹೇಳೋಳು."

"ಸುಳ್ಳು ಹೇಳಬೇಕಾಗಿತ್ತಾ ಅಮ್ಮ?"

ಗೋದಮ್ಮ ಒಳಗೆ ಹೋದರು. ಚೊಂಬಿನಲ್ಲಿ ನೀರು ತಂದು ಮಗಳ ಕಾಲಿಗೆ ಸುರಿದರು. ಅಂಗಾಲಿಗೆ ಗಾಜು ಚುಚ್ಚಿ ರಕ್ತ ಬರುತ್ತಿದ್ದದ್ದು ಶ್ರೀಮತಿಗೆ ಆಗಲೇ ಗೊತ್ತಾದದ್ದು.

ಕಣ್ಣು ಉಳಿಯಲಿಲ್ಲ. ಸುದ್ದಿ ಬಲಿಪಾಡ್ಯಮಿಯ ದಿನ ಊರಿಗೆ ಬಂತು. ಅದರ ಮಾರನೆಯ ದಿನ ರಂಜಾನ್ ಹಬ್ಬ. ಬಾಬು ಜಾನನ ಮನೆಗೆ ಬೀಗ ಹಾಕಿತ್ತು, ಎಲ್ಲರೂ ಆಸ್ಪತ್ರೆಯಲ್ಲಿದ್ದರು. ಪೊಲೀಸರು ಒಂದು ಸಲ ಅಂಗಡಿಯ ಮುಂದೆ ಬಂದು ನೋಡಿ ಹೋದರಂತೆ. ದೊಡ್ಡವರು ಯಾರೂ ಮಾಡಿದ್ದಲ್ಲ, ಮಕ್ಕಳ ಆಟ, ಬಾಬು ಜಾನನೂ ಯಾರ ಮೇಲೂ ಹೇಳಿಲ್ಲ, ಇದನ್ನು ಇಲ್ಲಿಗೇ ಬಿಡೋಣ ಎಂದು ಊರಿನ ಹಿರಿಯರು ಎರಡೂ ಕಡೆ ಮಾತಾಡಿದರು. ಯಾರ ಬಾಯಲ್ಲೂ ಶ್ರೀಮತಿಯ ಹೆಸರು ಬರಲಿಲ್ಲ. ಬಂದಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಸೋಮವಾರ ಶಾಲೆ ಶುರುವಾಯಿತು. ಶ್ರೀಮತಿ ಹೆಡ್ಮಾಸ್ತರ ಕೋಣೆಯಿಂದ ಬೆತ್ತ ತೆಗೆದುಕೊಂಡು ಕ್ಲಾಸಿಗೆ ಹೋದಳು. ಈ ಶಾಲೆಗೆ ಬಂದ ಮೇಲೆ ಅವಳು ಬೆತ್ತ ಮುಟ್ಟಿದವಳಲ್ಲ. ಮಕ್ಕಳು ಅದನ್ನು ಕಂಡು ಎದ್ದು ನಿಂತವು, ಕೂರುವುದೋ ಬೇಡವೋ ತಿಳಿಯದೆ ಹಾಗೇ ನಿಂತವು. ಅವಳು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರನ್ನು ಹೊಣೆ ಮಾಡಬಾರದು, ಶಮೀಮ್ ನಿಮ್ಮಲ್ಲೊಬ್ಬಳು ಎಂದೆಲ್ಲ ಹೇಳುವುದಿತ್ತು. ಖಾಲಿಯಾದ ಮುಂದಿನ ಬೆಂಚು ನೋಡಿದ ಕೂಡಲೇ ಒಂದೂ ನೆನಪಿಗೆ ಬರಲಿಲ್ಲ.

"ಸಿದ್ದರಾಮು, ಬಾ ಇಲ್ಲಿ. ಕೈ ಚಾಚು."

ಅವನು ಬಂದು ಚಾಚಿದ. ಅವಳು ಹೊಡೆದಳು. ಒಂದೆರಡಕ್ಕೆ ನಿಲ್ಲಿಸಬೇಕೆಂದಿದ್ದವಳ ಕೈ ನಿಲ್ಲಲಿಲ್ಲ. ಹುಡುಗ ಅಳಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅವಳನ್ನೇ ನೋಡುತ್ತಿದ್ದ.

"ಯಾರು ಹೇಳಿದರು ನಿನಗೆ ಹಾಗೆ ಮಾಡು ಅಂತ? ಯಾರು?"

"ನೀವ್ ಅತ್ತಿದ್ರಲ್ಲ ಮೇಡಮ್ಮೋರೆ," ಎಂದ. "ಅವತ್ತು ಕತೆ ಯೋಳ್ವಾಗ. ನಿಮ್ ಕಣ್ಣಲ್ ನೀರ್ ಬಂದಿತ್ತು."

ಅವಳಿಗೆ ಅದು ಗೊತ್ತಿರಲಿಲ್ಲ. ಬೆತ್ತ ಹಿಡಿದ ಕೈ ಕೆಳಗಿಳಿಯಿತು. ಹುಡುಗ ಸ್ವಲ್ಪ ಹೊತ್ತು ಕಾದ. ಮತ್ತೆ ಏಟು ಬೀಳಲಿಲ್ಲ. ಅವನು ತನ್ನ ಬೆಂಚಿಗೆ ಹೋಗಿ ಪುಸ್ತಕ ಎತ್ತಿಕೊಂಡು, ಅವಳನ್ನು ಕೇಳದೆ ಬಾಗಿಲು ದಾಟಿ ಮೈದಾನಕ್ಕಿಳಿದು ಹೋದ. ಮಾರನೆಯ ದಿನ ಬರಲಿಲ್ಲ. ಅವನಪ್ಪ ಅವನನ್ನು ಆಲೆಮನೆಯ ಕೆಲಸಕ್ಕೆ ಹಾಕಿದನೆಂದು ದೇವಿರಮ್ಮ ಹೇಳಿದಳು. "ಇನ್ ಬರಾಕಿಲ್ವಂತೆ ಮೇಡಂ. ಓದಿ ಏನಾಗ್ಬೇಕು ಅಂದ್ರಂತೆ."

ಸಮಾರಂಭದ ಹಿಂದಿನ ಸಂಜೆ, ಬಾಬು ಜಾನನ ಮನೆಯವರು ಮೈಸೂರಿನಿಂದ ಬಂದಿದ್ದಾರೆಂದು ತಿಳಿದು ಶ್ರೀಮತಿ ಮಸೀದಿಯ ಹಿಂದಿನ ಬೀದಿಗೆ ಹೋದಳು. ಮಕ್ಕಳು ಮನೆಯ ಮಾತು ಹೇಳುವ ಕಾರ್ಯಕ್ರಮವನ್ನು ಕೆಂಪಸಿದ್ದಯ್ಯ ಆಗಲೇ ತೆಗೆದುಹಾಕಿ, ಕೋಲಾಟ ಮತ್ತು ಮೆರವಣಿಗೆ ಎಂದು ಬದಲಾಯಿಸಿದ್ದರು. ಬಾಬು ಜಾನ್ ಬಾಗಿಲಲ್ಲೇ ಕೂತಿದ್ದ. ಅವಳನ್ನು ಕಂಡು ಎದ್ದು, ಕುರ್ಚಿಯನ್ನು ಟವೆಲಿನಿಂದ ಒರೆಸಿ ಹಾಕಿದ.

"ಕೂತ್ಕಳಿ ಮೇಡಂ." ಒಳಗೆ ತಿರುಗಿ ಉರ್ದುವಿನಲ್ಲಿ ಚಹಾ ಎಂದ. ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಚಹಾ ಬರಲಿಲ್ಲ.

"ನಾನು ಕ್ಲಾಸಲ್ಲಿ ಒಂದು ಮಾತು ಹೇಳಿದೆ," ಎಂದು ಶ್ರೀಮತಿ ಶುರುಮಾಡಿದಳು. "ಅದರಿಂದ ಇದೆಲ್ಲ..."

"ಗೊತ್ತು ಮೇಡಂ. ಅವತ್ತೇ ಬಂದು ಹೇಳಿದ್ಲು."

ಅವನು ತನ್ನ ಕೈಗಳನ್ನು ನೋಡಿಕೊಂಡ. ತಾಮ್ರದ ತಂತಿ ಎಳೆದೆಳೆದು ಬೆರಳಿನ ಸಂದುಗಳಲ್ಲಿ ಗೆರೆ ಬಿದ್ದಿದ್ದವು.

"ಆ ಪಟ ನಮ್ಮಪ್ಪನ ಕಾಲದಿಂದ ಅಂಗ್ಡೀಲಿ ಐತೆ. ನಿಮ್ಮೋರೂ ಬಂದು ಮೋಟ್ರು ರಿಪೇರಿ ಮಾಡಿಸ್ಕೊಂಡು ಹೋಗವ್ರೆ, ಅದರ ಕೆಳಗೇ ಕೂತು ಬೀಡಾ ಹಾಕ್ಕಂಡವ್ರೆ. ಒಬ್ರೂ ಏನೂ ಅಂದಿರ್ನಿಲ್ಲ. ನಮ್ಮಪ್ಪ ಹೇಳೋನು, ಪರಂಗಿಯೋರ ಕೈಲಿ ಸತ್ತ್ರೂ ತಲೆ ಬಗ್ಗಿಸ್ನಿಲ್ಲ ಅಂತ. ನಿಮ್ಮನೇಲಿ ಬೇರೆ ಹೇಳವ್ರೆ. ಇರಬೋದು. ಎರಡೂ ಇರಬೋದು. ನಾನು ಓದಿದೋನಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ ಮಗ್ಳು ಏನ್ ಕೇಳುದ್ಲು ಗೊತ್ತಾ ಮೇಡಂ? ಅಬ್ಬಾ, ನಾವು ಎಲ್ಲಿಂದ ಬಂದೋರು ಅಂದ್ಲು. ನಾನಂದೆ, ಎಲ್ಲಿಂದ್ಲೂ ಬಂದಿಲ್ಲ ಕಣವ್ವ, ನಮ್ಮಜ್ಜ, ಅವರಪ್ಪ, ಎಲ್ಲಾ ಇಲ್ಲೇ ಮಳವಳ್ಳೀಲೇ ಮಣ್ಣಾದೋರು ಅಂದೆ. ನಂಬಿದ್ಲೋ ಇಲ್ವೋ ಗೊತ್ತಾಗ್ನಿಲ್ಲ."

ಶ್ರೀಮತಿ ಪರದೆಯ ಕಡೆ ತಿರುಗಿದಳು. "ಒಂದು ಸಲ ಅವಳನ್ನ ನೋಡಬಹುದಾ?"

"ಬ್ಯಾಡ ಮೇಡಂ." ಉತ್ತರ ಬಂದದ್ದು ಪರದೆಯ ಹಿಂದಿನಿಂದ. ಬಾಬು ಜಾನನ ಹೆಂಡತಿ ನಜ್ಮುನ್ನೀಸಾ ಈವರೆಗೆ ಶ್ರೀಮತಿಯೊಡನೆ ಮಾತಾಡಿದವಳಲ್ಲ. "ನಿಮ್ ದನಿ ಕೇಳಿ ಮುಸುಕು ಹಾಕ್ಕಂಡು ಮಲಗವ್ಳೆ. ಹೋಗಿ ಅಂತ ಹೇಳು ಅಂತಾಳೆ. ಹಂಗನ್ನಾಕೆ ನಂಗೆ ಬಾಯಿ ಬರಾಕಿಲ್ಲ. ನೀವೇ ಹೋಗ್ಬುಡಿ."

ಶ್ರೀಮತಿ ಎದ್ದಳು. ಬಾಬು ಜಾನ್ ಬೀದಿಯ ತಿರುವಿನವರೆಗೆ ಅವಳ ಜೊತೆ ನಡೆದು ಬಂದ.

"ನಾಳೆ ಚನ್ನಪಟ್ಟಣಕ್ಕೆ ಬಿಟ್ಟು ಬರ್ತೀವಿ, ಅವರಮ್ಮನ ತವರಿಗೆ," ಎಂದ. "ಟಿ.ಸಿ. ಬರೆದಿಡಾಕೆ ಹೆಡ್ಮಾಸ್ಟ್ರಿಗೆ ಹೇಳಿ. ಆಮೇಲೆ ಬಂದು ಈಸ್ಕತೀನಿ."

"ಅಲ್ಲಿ ಸ್ಕೂಲಿಗೆ ಸೇರಿಸ್ತೀರಲ್ಲ?"

"ಅವರಮ್ಮ ಬ್ಯಾಡ ಅಂತಾಳೆ. ನೋಡಾನ," ಎಂದು ಹಿಂದಿರುಗಿದ.

ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಒಗೆದ ಬಿಳಿ ಅಂಗಿ ಹಾಕಿಕೊಂಡು ಸಾಲಾಗಿ ನಿಂತವು. ಮುಂದೆ ಕೆಂಪಸಿದ್ದಯ್ಯ ಜರಿಪೇಟ ಸುತ್ತಿಕೊಂಡು ಹೊರಟರು. ಬಿದಿರು ಕಡ್ಡಿಗೆ ಅಂಟಿಸಿದ ಹಳದಿ ಕೆಂಪು ಕಾಗದದ ಬಾವುಟಗಳು ಎಲ್ಲ ಕೈಗಳಲ್ಲೂ ಇದ್ದವು. ಏಳನೇ ಕ್ಲಾಸಿನ ಸಾಲಿನ ಪಕ್ಕ ನಡೆಯುತ್ತ "ಕರ್ನಾಟಕಕ್ಕೆ" ಎಂದು ಕೂಗುವುದು ಶ್ರೀಮತಿಯ ಪಾಲಿಗೆ ಬಂದಿತ್ತು. ಮಕ್ಕಳು "ಜಯವಾಗಲಿ" ಎನ್ನಬೇಕು. ಪೇಟೆಯಲ್ಲಿ ಅಂಗಡಿಯವರು ಹೊರಗೆ ಬಂದು ನೋಡಿದರು. ಕೆಲವರು ಪೆಪ್ಪರಮಿಂಟು ಹಂಚಿದರು. ಮಕ್ಕಳಿಗೆ ಹುರುಪು ಬಂದು ದನಿ ಏರಿತು. ರಾಜ್ಯದ ಹೆಸರು ಬದಲಾದದ್ದು ತಮ್ಮಿಂದಲೇ ಎಂಬಂತೆ ಕೂಗುತ್ತಿದ್ದವು.

ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಕೊಳ್ಳೇಗಾಲದ ಕಡೆಯಿಂದ ಬಂದ ಬೆಂಗಳೂರು ಬಸ್ಸು ಹೊರಟು ನಿಂತಿತ್ತು. ಮಕ್ಕಳ ಸಾಲು ರಸ್ತೆಗೆ ಅಡ್ಡ ಬಂದದ್ದರಿಂದ ಡ್ರೈವರು ಎರಡು ಸಲ ಹಾರನ್ ಮಾಡಿ, ಆಮೇಲೆ ನಕ್ಕು ಸ್ಟೀರಿಂಗಿನ ಮೇಲೆ ಕೈಯೂರಿ ಕೂತ. ಶ್ರೀಮತಿ "ಕರ್ನಾಟಕಕ್ಕೆ" ಎಂದು ತಲೆಯೆತ್ತಿದಳು. ಹಿಂದಿನ ಬಾಗಿಲಿನ ಪಕ್ಕದ ಸೀಟಿನಲ್ಲಿ ಬಾಬು ಜಾನ್ ಇದ್ದ, ಮಡಿಲಲ್ಲಿ ಗಂಟು. ಅವನ ಮುಂದಿನ ಸೀಟಿನಲ್ಲಿ ಬುರ್ಖಾ ಹಾಕಿದ ಹೆಂಗಸು, ಅವಳ ಪಕ್ಕ, ಕಿಟಕಿಗೆ, ಶಮೀಮ್.

"ಜಯವಾಗಲಿ" ಎಂದವು ಮಕ್ಕಳು. ಕೆಲವರಿಗೆ ಶಮೀಮ್ ಕಂಡಿದ್ದಳು. ಅಂಥವರ ದನಿ ಅರ್ಧಕ್ಕೇ ನಿಂತಿತು. ಕಾಣದವರು ಕೂಗುತ್ತಲೇ ಇದ್ದರು. ದೇವಿರಮ್ಮ ಸಾಲು ಬಿಟ್ಟು ಒಂದು ಹೆಜ್ಜೆ ಬಸ್ಸಿನ ಕಡೆಗೆ ಹೋಗಿ, ಬಾವುಟ ಹಿಡಿದ ಕೈಯನ್ನು ಮೇಲಕ್ಕೆತ್ತಿದಳು.

ಶಮೀಮಳ ಮುಖದ ಈ ಕಡೆಗೆ ಹಣೆಯಿಂದ ಕೆನ್ನೆಯವರೆಗೆ ಬಿಳಿ ಪಟ್ಟಿ ಕಟ್ಟಿತ್ತು. ಅವಳು ನೆಟ್ಟಗೆ ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಕೂತಿದ್ದಳು. ತಿರುಗಲಿಲ್ಲ.

"ಅವಳ್ಗೆ ಕಾಣಿಸ್ನಿಲ್ವಾ ಮೇಡಂ?" ಎಂದು ದೇವಿರಮ್ಮ ಕೇಳಿದಳು.

ಕೊನೆಯ ಸಾಲು ರಸ್ತೆ ದಾಟಿತು. ಬಸ್ಸು ಒಮ್ಮೆ ಅಲ್ಲಾಡಿ ಹೊರಟು ಮದ್ದೂರಿನ ರಸ್ತೆಗೆ ತಿರುಗಿತು. ಅದೆಬ್ಬಿಸಿದ ಧೂಳು ಮಕ್ಕಳ ಬಿಳಿ ಅಂಗಿಗಳ ಮೇಲೆ ಬಂದು ಕೂರುವವರೆಗೂ ದೇವಿರಮ್ಮ ಎತ್ತಿದ ಕೈ ಹಾಗೇ ಇತ್ತು.